ಶನಿವಾರದ ನೀರು

ರಿಂಕೋನ್ ಆಲ್ತೊ, ನ್ಯೂ ಮೆಕ್ಸಿಕೊ
ಏಪ್ರಿಲ್ ೧೮, ಬುಧವಾರ

ಪ್ರೀತಿಯ ದೊಡ್ಡಮ್ಮಾ,

ಗಾಬರಿಯಾಗಬೇಡಿ, ಯಾರೂ ಸತ್ತಿಲ್ಲ. ಈ ಊರಿನಿಂದ ಕಾಗದ ಬಂದರೆ ಯಾರೋ ಹೋದರೆಂದೇ ಎಲ್ಲರೂ ತಿಳಿಯುವುದರಿಂದ ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಗಿದ್ದೀರಿ? ಮಂಡಿನೋವು ಹೇಗಿದೆ? ಚಳಿಗಾಲವೆಲ್ಲ ನಿಮಗೆ ಮೆಟ್ಟಿಲು ಇಳಿಯುವುದೇ ಕಷ್ಟವಾಗಿತ್ತಂತೆ. ಕ್ಲಾರೆನ್ಸ್ ಅವರ ಕೆಮ್ಮು ತಗ್ಗಿತೇ? ಉಕ್ಕಿನ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ದುಡಿದ ಎದೆ ಅದು, ಅವರನ್ನು ಈ ಏಪ್ರಿಲ್ ಗಾಳಿಯಲ್ಲಿ ಹೊರಗೆ ಓಡಾಡಲು ಬಿಡಬೇಡಿ. ಇಷ್ಟೆಲ್ಲ ವಿಚಾರಿಸುವವಳು ಯಾರಪ್ಪಾ ಎಂದು ಕನ್ನಡಕ ಹುಡುಕುತ್ತಿದ್ದೀರೇನೋ. ನಾನು ಸೆನೈದಾ, ನಿಮ್ಮ ಮೈದುನ ಮೊಯಿಸೆಸನ ಮಗಳು. ನೀವು ಈ ಮನೆ ಬಿಟ್ಟು ಹೋದಾಗ ಎರಡನೇ ಹಲ್ಲು ಪೂರ್ತಿ ಬಂದಿರದ ಹುಡುಗಿ. ಬೆಳಗ್ಗೆ ನನ್ನ ಜಡೆ ಹಾಕುತ್ತಿದ್ದವರು ನೀವು. ನೀವು ಹೋದ ಮೇಲೆ ಅಜ್ಜಿಗೆ ಅಷ್ಟು ತಾಳ್ಮೆ ಇರಲಿಲ್ಲ, ಕತ್ತರಿ ತಂದು ಕಿವಿಯವರೆಗೆ ಕತ್ತರಿಸಿಬಿಟ್ಟಳು. ನಾನು ಅತ್ತಾಗಲೆಲ್ಲ ನೀವು, "ಅಳೋದಾದ್ರೆ ಈರುಳ್ಳಿ ಹೆಚ್ಚುತ್ತಾ ಅಳು ಪುಟ್ಟಿ, ಕೆಲಸನಾದ್ರೂ ಆಗುತ್ತೆ" ಅನ್ನುತ್ತಿದ್ದಿರಿ. ಈಗ ನಲವತ್ತು ದಾಟಿದ ಮೇಲೂ ನಾನು ಹಾಗೇ ಮಾಡುವುದು.

ನಿಮ್ಮ ವಿಳಾಸ ಕೊಟ್ಟವನು ನಮ್ಮ ಕಾಲುವೆಯ ನೀರುಗಂಟಿ ತೆಲೆಸ್ಫೊರೊ. ಸುಲಭವಾಗಿ ಕೊಡಲಿಲ್ಲ. "ನಾನು ಕೊಟ್ಟೆ ಅಂತ ಹೇಳ್ಬೇಡ, ಅವಳು ನನ್ನ ಚರ್ಮ ಸುಲೀತಾಳೆ" ಎಂದ. ಅದಕ್ಕೇ ಮೊದಲ ಪುಟದಲ್ಲೇ ಹೇಳುತ್ತಿದ್ದೇನೆ, ಸುಲಿಯಿರಿ. ಫೋನ್ ನಂಬರನ್ನೂ ಕೊಟ್ಟಿದ್ದಾನೆ. ಆದರೆ ಇಲ್ಲಿ ಫೋನ್ ಹಿಡಿಯುವುದು ಚರ್ಚಿನ ಗೋಡೆಯ ಹತ್ತಿರ ಮಾತ್ರ, ಅಲ್ಲಿ ನಿಂತು ಮಾತಾಡಿದರೆ ಊರಿಗೆಲ್ಲ ಪಾಠ ಹೇಳಿದ ಹಾಗೆ. ಮೇಲಾಗಿ ನಾನು ವಂದನೆ ಎನ್ನುವಷ್ಟರಲ್ಲಿ ನೀವು "ಅದೇನು ಮಹಾ ಬಿಡು" ಎಂದು ಇಟ್ಟುಬಿಡುತ್ತೀರಿ. ಕಾಗದವನ್ನಾದರೆ ಕೊನೆಯವರೆಗೆ ಓದಲೇಬೇಕು.

ಅಜ್ಜಿ ಹೋದದ್ದು ನಿಮಗೆ ಗೊತ್ತು. ಆಗಸ್ಟಿನಲ್ಲಿ ಅವಳನ್ನು ಮಣ್ಣು ಮಾಡಲು ಬಂದ ನಾನು ಹಿಂದಿರುಗಲೇ ಇಲ್ಲ. ಅಲ್ಬುಕರ್ಕಿಯ ವಿಮಾನ ನಿಲ್ದಾಣದ ಅಡುಗೆಮನೆಯಲ್ಲಿ ಇಷ್ಟು ವರ್ಷ ಬೇಯಿಸಿ ಹಾಕಿದೆನಲ್ಲ, ತಿನ್ನುವವರು ಒಬ್ಬರೂ ಕೂತು ತಿಂದವರಲ್ಲ, ಎಲ್ಲರೂ ಗಡಿಯಾರ ನೋಡಿಕೊಂಡು ನುಂಗಿದವರೇ. ಓಡುವವರಿಗೆ ಅಡುಗೆ ಮಾಡಿ ಮಾಡಿ ನನಗೆ ಸಾಕಾಗಿತ್ತು. ಅಜ್ಜಿಯ ಪೆಟ್ಟಿಗೆಗೆ ಮಣ್ಣು ಹಾಕಿ ಮನೆಗೆ ಬಂದು ಹಿತ್ತಿಲ ಬಾಗಿಲು ತೆಗೆದರೆ ಹೊಳೆಯವರೆಗೂ ನಮ್ಮ ಹೊಲ ಬಿದ್ದಿತ್ತು, ನನ್ನ ಎದೆಮಟ್ಟ ಪೊದೆ, ಅದರ ಮಧ್ಯೆ ಹೆಗ್ಗಣಗಳ ರಾಜ್ಯ. ಅಬೆನಿಸಿಯೊ ದೊಡ್ಡಪ್ಪ ಮರ ಕಡಿಯಲು ಹೋಗಿ ಮರದ ಕೆಳಗೇ ಸಿಕ್ಕಿ ಹೋದ ಮೇಲೆ ಅದಕ್ಕೆ ನೇಗಿಲು ಬಿದ್ದಿಲ್ಲ. ಯಾಕೋ ಅಲ್ಲೇ ನಿಂತು, ಇದನ್ನು ಎಬ್ಬಿಸಬೇಕು ಎಂದುಕೊಂಡೆ. ಅಪ್ಪನಿಗೆ ಹೇಳಿದರೆ, "ಆ ಹೊಲ ನಿಂಗೆ ಬೇಕಾ? ತಗೋ, ನಿನ್ನ ಹೆಸರಿಗೇ ಬರೆದುಬಿಡ್ತೀನಿ. ಅಳ್ತಾ ವಾಪಸ್ ಬಂದಾಗ ನನ್ನ ಬಾಗಿಲು ಮಾತ್ರ ತಟ್ಬೇಡ" ಎಂದರು. ಹೇಳಿದಂತೆ ಬರೆದೂ ಕೊಟ್ಟರು. ನಮ್ಮಪ್ಪನಿಗೆ ಮಣ್ಣು ಅಂದರೆ ಚಪ್ಪಲಿಗೆ ಮೆತ್ತುವ ವಸ್ತು, ನಿಮಗೆ ಗೊತ್ತಿರುವುದೇ.

ಚಳಿಗಾಲ ಪೂರ್ತಿ ಪೊದೆ ಕಿತ್ತೆ ದೊಡ್ಡಮ್ಮ. ಕೈ ನೋಡಿದರೆ ಈಗ ನನ್ನವೆಂದು ನನಗೇ ನಂಬಿಕೆ ಬರುವುದಿಲ್ಲ. ಕಿತ್ತ ಪೊದೆಯನ್ನೇ ಒಲೆಗೆ ಹಾಕಿ ಚಳಿ ಕಳೆದೆ. ಒಂದು ಬದಿಯಲ್ಲಿ ಬಟಾಣಿ, ನಡುವೆ ಜೋಳ, ಹೊಳೆಯ ಕಡೆ ಮೆಣಸಿನಕಾಯಿ ಎಂದು ಮನಸ್ಸಿನಲ್ಲೇ ಪಾತಿ ಕಟ್ಟಿದೆ. ಕೆಳಗಿನ ಹೊಲದ ಬೆಲಾರ್ಮಿನೊ ಬೇಲಿಗೆ ಒರಗಿ ನಿಂತು, "ಏನವ್ವ ಏರ್‌ಪೋರ್ಟು, ವಿಮಾನ ಇಳಿಸೋಕೆ ಜಾಗ ಮಾಡ್ತಿದ್ದೀಯಾ?" ಎಂದು ದಿನಾ ಕೇಳುತ್ತಿದ್ದ. "ಹೌದು, ಮೊದಲ ವಿಮಾನದಲ್ಲಿ ನಿನ್ನನ್ನೇ ಹತ್ತಿಸಿ ಕಳಿಸ್ತೀನಿ" ಎನ್ನುತ್ತಿದ್ದೆ. ಬಾಯಿ ಕೆಟ್ಟದ್ದಾದರೂ ಮನುಷ್ಯ ಕೆಟ್ಟವನಲ್ಲ. ನೀರು ಬಿಟ್ಟು ನೆಲ ಮೆತ್ತಗಾದ ಮರುದಿನವೇ ತನ್ನ ಟ್ರ್ಯಾಕ್ಟರ್ ತಂದು ಉತ್ತು ಕೊಡುತ್ತೇನೆ ಎಂದು ಅವನಾಗಿಯೇ ಮಾತು ಕೊಟ್ಟಿದ್ದಾನೆ.

ನೀರು ಬಿಟ್ಟ ಮೇಲೆ ತಾನೆ. ನನ್ನ ನಿದ್ದೆಗೆಡಿಸಿದ್ದು ಅದೇ. ಕಾಲುವೆಯ ಕಟ್ಟಳೆಯನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ, ಆದರೆ ನಾನು ಅದನ್ನು ಆಗಷ್ಟೇ ಕಲಿಯುತ್ತಿದ್ದೆ. ಹೊಲ ಎಷ್ಟು ವರ್ಷ ಬೀಳು ಬಿದ್ದರೂ ಚಿಂತೆಯಿಲ್ಲ, ವಸಂತದಲ್ಲಿ ಊರೆಲ್ಲ ಸೇರಿ ಹೂಳೆತ್ತುವ ದಿನ ಆ ಹೊಲದ ಹೆಸರಿನಲ್ಲಿ ಒಂದು ಸಲಿಕೆ ಬರಬೇಕು. ಬಾರದೆ ಹೋದರೆ ಅದರ ನೀರಿನ ಸರದಿ ಉಳಿದವರಿಗೆ ಹಂಚಿ ಹೋಗುತ್ತದೆ. ನಮ್ಮ ಸರದಿ ಶನಿವಾರದ್ದು. ಇಷ್ಟು ವರ್ಷ ಯಾರು ಬಂದಿರುತ್ತಾರೆ? ಅಪ್ಪ ಬರಲಿಲ್ಲ, ನಾನು ಬರಲಿಲ್ಲ, ಅಜ್ಜಿಗೆ ಸೊಂಟ ಬಗ್ಗುತ್ತಿರಲಿಲ್ಲ. ನಮ್ಮ ಶನಿವಾರ ಎಂದೋ ಹೋಗಿರಬೇಕು, ಬೀಳು ನೆಲದ ಜೊತೆ ನಾನೂ ಬೀಳು ಬಿದ್ದೆ ಎಂದುಕೊಂಡೇ ಫೆಬ್ರವರಿಯ ಸಭೆಗೆ ಹೋದೆ. ಹೆದರಿದ ಹಾಗೇ ಬೆಲಾರ್ಮಿನೊ ಎದ್ದುನಿಂತ. "ಮೇಲಿನ ಹೊಲ ಮಲಗಿ ಎಷ್ಟೋ ಕಾಲ ಆಯ್ತು. ಈ ವರ್ಷ ಬೆಟ್ಟದ ಮೇಲೆ ಹಿಮನೂ ಕಮ್ಮಿ. ಆ ಶನಿವಾರದ ನೀರು ಕೆಳಗಿನ ನಮಗೆ ಕೊಟ್ರೆ ಏನಾಗುತ್ತೆ? ಆ ಹುಡುಗಿ ಮೇಲೆ ನಂಗೇನೂ ಸಿಟ್ಟಿಲ್ಲ, ಕಟ್ಟಳೆ ಕಟ್ಟಳೆ" ಎಂದ. ತೆಲೆಸ್ಫೊರೊ ಟೋಪಿಯನ್ನೂ ತೆಗೆಯದೆ, "ಆ ಹೊಲದ ಸಲಿಕೆ ಬಾಕಿ ಇಲ್ಲ. ನೀನು ಊರಿಗೆ ಬಂದು ನೆಲೆಸಿದ್ದು ಹೋದ ವರ್ಷ, ನಿಂಗೆ ಗೊತ್ತಿಲ್ಲ, ಕೂತ್ಕೋ" ಎಂದ. ಸುತ್ತ ಕೂತಿದ್ದ ಮುದುಕರೆಲ್ಲ ತಲೆಯಾಡಿಸಿದರು. ಅಲ್ಲಿಗೆ ಮುಗಿಯಿತು.

ಯಾರ ಸಲಿಕೆ ಎಂದು ನಾನು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ, ಯಾಕೆಂದರೆ ಎಲ್ಲ ತಿಳಿದುಬಿಟ್ಟಿತು ಎಂದುಕೊಂಡೆ. ಅಜ್ಜಿಯೇ ಆಳು ಇಟ್ಟು ಕೆಲಸ ಮಾಡಿಸಿದ್ದಾಳೆ, ಬಾಯಿಬಿಟ್ಟು ಹೇಳುವ ಜಾಯಮಾನ ಅವಳದಲ್ಲ ಎಂದು ನಾನೇ ತೀರ್ಮಾನ ಮಾಡಿ, ನಾನೇ ಕಣ್ಣೀರು ಹಾಕಿ, ಮುಂದಿನ ಭಾನುವಾರ ಅವಳ ಹೆಸರಿನಲ್ಲಿ ಚರ್ಚಿನಲ್ಲಿ ಪೂಜೆ ಹೇಳಿಸಿದೆ. ಪಾದ್ರಿಗಳು ಗಂಟಲು ಸರಿಮಾಡಿಕೊಂಡು, "ನಮ್ಮ ಶನಿವಾರದ ನೀರನ್ನು ಇಷ್ಟು ವರ್ಷ ಕಾಪಾಡಿದ ಎಪಿಮೆನಿಯಾ ಅವರ ಆತ್ಮಕ್ಕೆ ಕೃತಜ್ಞತೆಯಿಂದ" ಎಂದು ಓದಿದರು. ಮುಂದಿನ ಸಾಲಿನಲ್ಲಿ ತೆಲೆಸ್ಫೊರೊ ಕೆಮ್ಮತೊಡಗಿದ. ಅವನ ಹೆಂಡತಿ ನಿಂಫಾ ಶಾಲಿನಲ್ಲಿ ಮುಖ ಮುಚ್ಚಿಕೊಂಡಳು, ಅವಳ ಭುಜ ಕುಲುಕುತ್ತಿತ್ತು. ಎಷ್ಟು ಒಳ್ಳೆಯ ಹೆಂಗಸು, ಅಜ್ಜಿಗಾಗಿ ಹೀಗೆ ಅಳುತ್ತಿದ್ದಾಳಲ್ಲ ಎಂದು ನಾನು ಅವಳ ಬೆನ್ನು ಸವರಿದೆ. ಊರಿಗೆ ಊರೇ ನಗು ತಡೆದುಕೊಂಡು ಕೂತಿತ್ತು ಎಂದು ನನಗೆ ತಿಳಿದದ್ದು ಆಮೇಲೆ.

ಹೂಳೆತ್ತುವ ದಿನ ನಾನು ಎಲ್ಲರಿಗಿಂತ ಮೊದಲೇ ಹೋಗಿ ಮೇಲಿನ ತೂಬಿನ ಹತ್ತಿರ ನಿಂತಿದ್ದೆ, ಹೊಸ ಸಲಿಕೆ, ಹೊಸ ಕೈಗವಸು. ಬೆಲಾರ್ಮಿನೊ ಅದನ್ನು ಮುಟ್ಟಿ ನೋಡಿ, "ಬೆಲೆ ಚೀಟಿ ಕಿತ್ತಿದ್ದೀಯಾ?" ಎಂದ. ತೆಲೆಸ್ಫೊರೊ ದಂಡೆಯ ಮೇಲೆ ನಿಂತು ಮೇಲಿನಿಂದ ಕೆಳಗೆ ಹೊಲಗಳ ಹೆಸರು ಕೂಗತೊಡಗಿದ. ಒಂದು ಹೆಸರಿಗೆ ಒಂದು ಪಾಲು ಕಾಲುವೆ, ಓಗೊಟ್ಟವನು ಇಳಿದು ಅಗೆಯಬೇಕು. ಹೆಸರುಗಳೆಲ್ಲ ಸತ್ತವರವೇ ಎಂಬುದು ನಿಮಗೆ ಗೊತ್ತು, ಕೊನೆಗೆ ಉತ್ತವನ ಹೆಸರೇ ಹೊಲಕ್ಕೆ ನಿಲ್ಲುತ್ತದೆ. ನಮ್ಮ ಸರದಿ ಬಂತು. "ಅಬೆನಿಸಿಯೊ" ಎಂದು ಕೂಗಿದ. ನಾನು "ಇಲ್ಲಿ" ಎಂದೆ, ಸ್ವಲ್ಪ ಜೋರಾಗಿಯೇ. ಯಾರೂ ಕದಲಲಿಲ್ಲ. ಎಲ್ಲರೂ ನನ್ನನ್ನು ನೋಡಿದರು, ಆಮೇಲೆ ನನ್ನ ಹಿಂದೆ ರಸ್ತೆಯನ್ನು ನೋಡಿದರು. ನಾನೂ ತಿರುಗಿ ನೋಡಿದೆ, ರಸ್ತೆ ಖಾಲಿಯಿತ್ತು. ಒಬ್ಬ ಮುದುಕ, "ಬರ್ತಾಳೆ ತಾಳು, ದೂರದಿಂದ ಬರ್ಬೇಕಲ್ಲ" ಎಂದ. ಎಲ್ಲರೂ ಸಲಿಕೆಯ ಮೇಲೆ ಕೈಯಿಟ್ಟು ಕಾದರು. ಕೂಲಿಗೆ ಬಂದ ಹೈಸ್ಕೂಲ್ ಹುಡುಗರೂ ಕಾದರು. "ಯಾರು ಬರ್ಬೇಕು?" ಎಂದೆ. ತೆಲೆಸ್ಫೊರೊ ನನ್ನತ್ತ ನೋಡಿದ ನೋಟವನ್ನು ನಾನು ಮರೆಯಲಾರೆ. "ನಿನ್ನ ದೊಡ್ಡಮ್ಮ, ಮತ್ತಿನ್ಯಾರು. ರಮೋನ್ಸಿತಾ" ಎಂದ.

ದೊಡ್ಡಮ್ಮ, ಉಳಿದದ್ದನ್ನೆಲ್ಲ ಅವನೇ ಅಲ್ಲಿ ನಿಂತು ಹೇಳಿದ. ಪ್ರತಿ ವಸಂತದಲ್ಲೂ ನೀವು ಕತ್ತಲಿರುವಾಗಲೇ ಪ್ವೆಬ್ಲೊದ ನಿಮ್ಮ ಮನೆ ಬಿಟ್ಟು, ಕಣಿವೆ ದಾಟಿ ಬಂದು, ದೊಡ್ಡಪ್ಪನ ಹೆಸರು ಕೂಗಿದಾಗ "ಇಲ್ಲಿ" ಎಂದು, ಅವನ ಪಾಲಿನ ಹೂಳೆತ್ತಿ, ಮನೆಯ ಕಡೆ ಒಮ್ಮೆಯೂ ತಿರುಗಿ ನೋಡದೆ ಹೋಗುತ್ತಿದ್ದಿರಂತೆ. ನೀವು ಕ್ಲಾರೆನ್ಸ್ ಅವರನ್ನು ಮದುವೆಯಾದ ಮೇಲೆ ಅಜ್ಜಿ "ನನ್ನ ಮಗನ ಹೆಸರು ಬಿಟ್ಟೋದವಳಿಗೆ ಈ ಮನೇಲಿ ಬಾಗಿಲಿಲ್ಲ" ಎಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಹಾಗೆ ಅನ್ನಿಸಿಕೊಂಡವರು, ನಿಮಗೆ ಒಂದು ಹಿಡಿ ಬಟಾಣಿಯೂ ಬಾರದ ಹೊಲಕ್ಕಾಗಿ, ಮಂಡಿ ಊದಿಸಿಕೊಂಡು ಬಂದಿದ್ದೀರಿ. ಊರಿಗೆಲ್ಲ ಗೊತ್ತು, ಒಬ್ಬರೂ ನಮ್ಮ ಮನೆಯವರೆಗೆ ಸುದ್ದಿ ಒಯ್ದಿಲ್ಲ. ಈ ಊರಿನಲ್ಲಿ ಯಾರ ಬೆಕ್ಕು ಮರಿ ಹಾಕಿದರೂ ಸಂಜೆಯೊಳಗೆ ಊರು ತುಂಬುತ್ತದೆ, ನಿಮ್ಮ ಗುಟ್ಟನ್ನು ಮಾತ್ರ ಇಷ್ಟು ಜನ ಕಟ್ಟಿಟ್ಟುಕೊಂಡಿದ್ದರು. ಯಾಕೆ ಬರುತ್ತೀಯ ಎಂದು ತೆಲೆಸ್ಫೊರೊ ಒಮ್ಮೆ ಕೇಳಿದನಂತೆ. "ಅವನು ಕಾಲುವೆ ಕೆಲಸಕ್ಕೆ ಒಂದು ವರ್ಷನೂ ತಪ್ಪಿಸಿಕೊಂಡವನಲ್ಲ. ಈಗ ಸತ್ತಿದ್ದಾನೆ ಅಂತ ತಪ್ಪಿಸಿದ್ರೆ ಚೆನ್ನಾಗಿರಲ್ಲ" ಎಂದಿರಂತೆ. ಇದನ್ನು ಹೇಳುವಾಗ ಆ ಒರಟ ಟೋಪಿ ತೆಗೆದಿದ್ದ.

ಆ ದಿನ ನಿಮ್ಮ ಪಾಲನ್ನು ನಾನು ಅಗೆದೆ. ಚೆನ್ನಾಗೇನೂ ಅಗೆಯಲಿಲ್ಲ, ಅಡ್ಡಾದಿಡ್ಡಿಯಾಗಿತ್ತು, ತೆಲೆಸ್ಫೊರೊ ಸಲಿಕೆಯ ಹಿಡಿಯಿಂದ ಅಳೆದು ನೋಡಿ ಎರಡು ಕಡೆ ಮತ್ತೆ ಅಗೆಸಿದ. "ರಮೋನ್ಸಿತಾ ಅಗೆದ್ರೆ ನಾನು ಅಳೀತಾನೇ ಇರ್ಲಿಲ್ಲ" ಎಂದು ಚುಚ್ಚಿದ. ಹೂಳು ಮೇಲೆ ಎಸೆಯುವಾಗ ನನಗೆ ಅಳು ಬಂತು. ಈರುಳ್ಳಿ ಇರಲಿಲ್ಲ, ಕೆಲಸವಂತೂ ನಡೆದಿತ್ತು. ದೊಡ್ಡಮ್ಮ, ನನಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ನಾನು ಈ ಊರಿಗೆ ಹಿಂದಿರುಗಲು ಒಂದು ಊರು ಉಳಿದದ್ದು, ಹೊಲ ಎಂದು ಕರೆಯಲು ಒಂದು ಹೊಲ ಉಳಿದದ್ದು ನಿಮ್ಮಿಂದ. ಅಪ್ಪ ಬರೆದುಕೊಟ್ಟದ್ದು ಬರೀ ಮಣ್ಣು. ನೀರು ಕೊಟ್ಟವರು ನೀವು. ನಿಮ್ಮ ಉಪಕಾರ ದೊಡ್ಡದು, ನಾನು ಬದುಕಿರುವವರೆಗೆ ಅದನ್ನು ಮರೆಯುವುದಿಲ್ಲ. ಅಜ್ಜಿಯ ಹೆಸರಿನ ಪೂಜೆಯನ್ನು ಹಿಂದೆ ಪಡೆಯಬಹುದೇ ಎಂದು ಪಾದ್ರಿಗಳನ್ನು ಕೇಳಿದೆ. "ಹಾಗೆಲ್ಲ ಆಗಲ್ಲಮ್ಮ, ಅದು ಸೇರಬೇಕಾದವರಿಗೆ ಸೇರಿರುತ್ತೆ" ಎಂದು ನನ್ನನ್ನು ಸಾಗಹಾಕಿದರು.

ಇಲ್ಲಿಯವರೆಗೆ ವಂದನೆ. ಈಗ ಜಗಳ. ಹೂಳೆತ್ತಿದ ಮೇಲೆ ಒಂದು ಸಂಜೆ ಬೆಲಾರ್ಮಿನೊ ಬೇಲಿಗೆ ಒರಗಿ, "ಅವತ್ತು ನಾನು ಸೇತುವೆ ದಾಟ್ತಿದ್ದಾಗ ಒಂದು ನೀಲಿ ಕಾರು ನಿಂತಿತ್ತು. ಒಳಗೊಬ್ಬ ಹೆಂಗಸು, ಹಿಂದಿನ ಸೀಟಲ್ಲಿ ಸಲಿಕೆ. ಮೇಲೆ ತೂಬಿನ ಹತ್ರ ನಿಂತಿದ್ದ ನಿನ್ನನ್ನೇ ನೋಡ್ತಿದ್ಲು. ಆಮೇಲೆ ಕಾರು ತಿರುಗಿಸಿಕೊಂಡು ಹೋದ್ಲು. ನಿಮ್ಮವಳೇನೋ ಅಂತ ಈಗ ಹೊಳೀತು" ಎಂದ. ಇದೇನು ದೊಡ್ಡಮ್ಮ ನೀವು ಮಾಡಿದ್ದು? ಅಷ್ಟು ದೂರ ಬಂದು, ಸೇತುವೆಯವರೆಗೆ ಬಂದು, ನನ್ನ ಕೈಯಲ್ಲಿ ಸಲಿಕೆ ಕಂಡಿತೆಂದು ತಿರುಗಿ ಹೋಗುವುದೇ? ಇನ್ನು ನಿಮ್ಮ ಅಗತ್ಯವಿಲ್ಲ ಎಂದುಕೊಂಡಿರಾ? ಊರಿನವರೆಲ್ಲ ರಸ್ತೆ ನೋಡುತ್ತ ನಿಂತಿದ್ದರು. ನಾನು ನೋಡಿದಾಗ ರಸ್ತೆ ಖಾಲಿ. ನನಗೆ ಬಂದ ಸಿಟ್ಟಿಗೆ ಬೆಲಾರ್ಮಿನೊ ಪಾಪ ಎರಡು ದಿನ ಬೇಲಿಯ ಹತ್ತಿರ ಸುಳಿಯಲಿಲ್ಲ.

ಅದಕ್ಕೇ ಒಂದು ತೀರ್ಮಾನ ಮಾಡಿದ್ದೇನೆ. ಈ ಸೋಮವಾರ ಕಾಲುವೆಗೆ ನೀರು ಬಿಟ್ಟರು. ನಮ್ಮ ಮೊದಲ ಸರದಿ ಈ ಶನಿವಾರವಲ್ಲ, ಮುಂದಿನ ಶನಿವಾರ, ಇಪ್ಪತ್ತೆಂಟಕ್ಕೆ. ವರ್ಷದ ಮೊದಲ ನೀರಿಗೆ ತೂಬಿನ ಹಲಗೆ ಎತ್ತುವವರು ಆ ಮನೆಯ ಹಿರಿಯರು, ಕಿರಿಯರು ಕೈ ಹಾಕುವುದಿಲ್ಲ. ಈ ಮನೆಯಲ್ಲಿ ಈಗ ಹಿರಿಯರು ನೀವು. ನಾನು ಹಲಗೆ ಮುಟ್ಟುವುದಿಲ್ಲ. ಬೆಲಾರ್ಮಿನೊ ಎತ್ತಿಕೊಡಲು ಬಂದರೆ ಸಲಿಕೆಯಲ್ಲೇ ಬಾರಿಸುತ್ತೇನೆ. ನೀವು ಬಂದರೆ ನೀರು ಹೊಲಕ್ಕೆ, ಬಾರದಿದ್ದರೆ ಅದು ಹಾಗೇ ನಮ್ಮ ಮುಂದೆ ಹರಿದು ಬೆಲಾರ್ಮಿನೊನ ಕುದುರೆಮಸಾಲೆ ಹುಲ್ಲಿಗೆ. ಈ ವರ್ಷದ ಹಿಮಕ್ಕೆ ಮತ್ತೊಂದು ಸರದಿ ಯಾವಾಗ ಬರುತ್ತದೋ ತೆಲೆಸ್ಫೊರೊನಿಗೂ ಗೊತ್ತಿಲ್ಲ. ಅಷ್ಟರಲ್ಲಿ ಬಿತ್ತನೆ ಮೀರುತ್ತದೆ, ನನ್ನ ಬಟಾಣಿಯೂ ಇಲ್ಲ, ಜೋಳವೂ ಇಲ್ಲ, ಇಡೀ ಚಳಿಗಾಲದ ದುಡಿಮೆ ಹೆಗ್ಗಣಗಳ ಪಾಲು. ಇದು ಬೆದರಿಕೆ ಎಂದುಕೊಳ್ಳಿ, ಬೆದರಿಕೆಯೇ. ಮಂಡಿನೋವಾದರೆ ಹೊಲದ ತುದಿಯವರೆಗೂ ಕಾರು ಬರುತ್ತದೆ, ಪೊದೆ ಕಿತ್ತು ದಾರಿ ಮಾಡಿದ್ದೇನೆ.

ಕ್ಲಾರೆನ್ಸ್ ಅವರನ್ನೂ ಕರೆದುಕೊಂಡು ಬನ್ನಿ. ಅವರನ್ನು ನಾನು ಏನೆಂದು ಕರೆಯಬೇಕೋ ಊಟದ ಹೊತ್ತಿಗೆ ಗೊತ್ತುಮಾಡಿಕೊಳ್ಳೋಣ. ಅವರ ಮೇಲೂ ನಿಮ್ಮ ಮೇಲೂ ದೇವರ ಕೈಯಿರಲಿ. ಅಪ್ಪನಿಗೆ ನಾನು ಏನೂ ತಿಳಿಸಿಲ್ಲ, ನೀವೂ ತಿಳಿಸಬೇಡಿ, ಅವರು ಬಂದರೆ ಚಪ್ಪಲಿ ಒರೆಸುವುದರಲ್ಲೇ ದಿನ ಕಳೆಯುತ್ತಾರೆ. ನಿಮ್ಮ ಕೈಗಳಿಗೆ ಮುತ್ತು.

ನಿಮ್ಮ ಜಡೆ ಹುಡುಗಿ,
ಸೆನೈದಾ

ಮರೆತೆ ಎನ್ನಬೇಡಿ, ಇದು ನನಗೆ ಈಗ ತಾನೆ ತಿಳಿದದ್ದು. ಅಂಚೆಯವನು ಗೇಟಿನ ಹತ್ತಿರ ಹಾರ್ನ್ ಬಾರಿಸುತ್ತಿದ್ದಾನೆ, ನಿಲ್ಲಲು ಹೇಳಿ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುತ್ತಿದ್ದಾಗ ನಿಂಫಾ ಮೊಟ್ಟೆ ಕೊಡಲು ಬಂದಳು. ಯಾರಿಗೆ ಕಾಗದ ಎಂದಳು, ಹೇಳಿದೆ. ಅವಳು ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು. ಹೂಳೆತ್ತುವ ದಿನ ಮಧ್ಯಾಹ್ನ ಎಲ್ಲರ ಮನೆಯ ಪಾತ್ರೆಗಳನ್ನೂ ಟ್ರಕ್ಕಿನ ಹಿಂದೆ ಸಾಲಾಗಿ ಇಡುತ್ತಾರಲ್ಲ, ಅದರಲ್ಲಿ ಒಂದು ಪಾತ್ರೆ ಬೀನ್ಸಿಗೆ ಒಂದು ಚೂರೂ ಮೆಣಸಿನಕಾಯಿ ಇರುತ್ತಿರಲಿಲ್ಲ. ಖಾರ ತಿಂದರೆ ನಿಮಗೆ ಹೊಟ್ಟೆ ಉರಿಯುತ್ತದೆ, ಅದಕ್ಕೆ ಆ ಪಾತ್ರೆಯಿಂದ ಬಡಿಸಿಕೊಳ್ಳುತ್ತಿದ್ದವರು ನೀವೊಬ್ಬರೇ. ನಿಂಫಾ ತಂದದ್ದರಿಂದ ಅದು ನಿಂಫಾಳದೇ ಎಂದುಕೊಂಡಿರಿ. ಗಂಡಸರೆಲ್ಲ ಅವಳನ್ನು, "ನಿಮ್ಮನೇಲಿ ಮೆಣಸಿನಕಾಯಿಗೆ ಬರ ಬಂತಾ?" ಎಂದು ಆಡಿಕೊಂಡು ನಗುತ್ತಿದ್ದರಂತೆ, ಅವಳು ಇಷ್ಟು ವರ್ಷ ಆ ಕೆಟ್ಟ ಹೆಸರು ಹೊತ್ತಳು. ದೊಡ್ಡಮ್ಮ, ಅದು ಅಜ್ಜಿ ಮಾಡಿದ್ದು, ನೀವು ಬರುವುದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಹಿಂದಿನ ದಿನವೇ ಬೇಯಿಸಿ ಬಟ್ಟೆ ಕಟ್ಟಿ ನಿಂಫಾಳ ಕೈಗೆ ಕೊಟ್ಟು, "ನಂದು ಅಂತ ಬಾಯಿ ಬಿಟ್ರೆ ನೋಡು" ಎನ್ನುತ್ತಿದ್ದಳಂತೆ. ಪಾತ್ರೆ ಹಿಂದಕ್ಕೆ ಬಂದಾಗ ಕೇಳುತ್ತಿದ್ದುದು ಇಷ್ಟೇ, "ಚೆನ್ನಾಗಿ ತಿಂದ್ರಾ?" ಒಂದು ವರ್ಷ ನೀವು ಇದನ್ನು ಹೇಗೆ ಮಾಡುವುದು ಎಂದು ನಿಂಫಾಳನ್ನು ಕೇಳಿದಿರಂತೆ. ಅವಳು ಅಜ್ಜಿಯನ್ನು ಕೇಳಿದಳು. ಯಾರಿಗೆ ಬೇಕು ಎಂದು ಅಜ್ಜಿ ಕೇಳಲಿಲ್ಲ, ಅವಳು ಹೇಳಿದ್ದನ್ನು ನಿಂಫಾ ನಿಮಗೆ ಹಾಗೇ ಒಪ್ಪಿಸಿದಳು, ಒಪ್ಪಿಸಿ ಮರೆತಳು, ಖಾರವಿಲ್ಲದ್ದು ಅವಳಿಗೆ ಊಟವೇ ಅಲ್ಲ. ಇಷ್ಟು ವರ್ಷ ಪ್ವೆಬ್ಲೊದಲ್ಲಿ ನೀವು ಕ್ಲಾರೆನ್ಸ್ ಅವರಿಗೆ ಬಡಿಸಿದ್ದು ಅಜ್ಜಿಯ ಬೀನ್ಸ್. ನನಗೆ ಅದು ಬರುವುದಿಲ್ಲ, ಅಜ್ಜಿ ನನಗೆ ಕಲಿಸಲಿಲ್ಲ. ಅದು ಗೊತ್ತಿರುವವರು ಈಗ ನೀವೊಬ್ಬರೇ. ಶನಿವಾರ ಬಂದು ಹೇಳಿಕೊಡಿ.